ಕಂಬಳಿ ಹೊದ್ದ ಪೆಟ್ಟಿಗೆ

ಕಳೆದ ವಾರ ಟ್ರಂಕಿನಿಂದ ಅತ್ತೆಯ ಕರಿ ಕಂಬಳಿ ತೆಗೆದು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದ್ದೆ. ಮಧ್ಯಾಹ್ನ ಮಡಚಿಡಲು ಹೋದರೆ ಕಾದ ಉಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಕುರಿ ಸಾಕುವ ಮನೆತನದಲ್ಲಿ ಅದೇನು ಹೊಸ ವಾಸನೆಯಲ್ಲ. ಆದರೂ ಅಲ್ಲೇ ಕೂತುಬಿಟ್ಟೆ. ಆರು ವರ್ಷದ ಹಿಂದಿನ ಒಂದು ಮಧ್ಯಾಹ್ನ ಕಣ್ಣೆದುರು ಬಂತು. ಅದರ ಹಿಂದೆಯೇ ದೇವರ ಹಿಪ್ಪರಗಿಯ ಬ್ಯಾಟರಿ ಅಂಗಡಿಯ ಕಾಕಾ...

ದೇವರ ಹಿಪ್ಪರಗಿ ನನ್ನ ತವರು. ಬಸ್ ನಿಲ್ದಾಣದಿಂದ ಸಂತೆಗೆ ಹೋಗುವ ದಾರಿಯಲ್ಲಿ ಕಾಕಾನ ಅಂಗಡಿ ಇತ್ತು. ಟ್ರ್ಯಾಕ್ಟರಿನ ಬ್ಯಾಟರಿ ಚಾರ್ಜ್ ಮಾಡಿ ಕೊಡುವರು, ಸೋಲಾರ್ ಪ್ಲೇಟು ಕೂಡಿಸುವರು, ಹೊಲದಲ್ಲಿ ಉಳಿಯುವವರಿಗೆ ಕೈಯಲ್ಲಿ ಹಿಡಿದು ಒಯ್ಯುವಂಥ ಕರೆಂಟಿನ ಪೆಟ್ಟಿಗೆ ಕಟ್ಟಿ ಕೊಡುವರು. ಅಂಥ ಅಂಜುಬುರುಕ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ. ಎದುರಿನ ಹೋಟೆಲಿಗೆ ಚಹಾಕ್ಕೆ ಹೋಗುವಾಗಲೂ ಎಲ್ಲ ಪ್ಲಗ್ ಕಿತ್ತಿಟ್ಟು ಹೋಗುವರು, ಅರ್ಧ ದಾರಿಯಿಂದ ತಿರುಗಿ ಬಂದು ಮತ್ತೊಮ್ಮೆ ನೋಡುವರು. "ಕಾಕಾ, ನೀವು ಹಗ್ಗ ಕಂಡ್ರೂ ಹಾವು ಅಂತೀರಿ" ಎಂದು ಸಂತೆಯ ಮಂದಿ ಕಾಡಿಸುತ್ತಿದ್ದರು. ಅವರು ಸಿಟ್ಟಾಗುತ್ತಿರಲಿಲ್ಲ.

"ಅಂಜಬೇಕಪ್ಪಾ. ಅಂಜಿದಾಂವ ಎರಡು ಸಲ ನೋಡ್ತಾನ."

ನನ್ನನ್ನು ಕೊಟ್ಟದ್ದು ಬಸವನ ಬಾಗೇವಾಡಿ ಹತ್ತಿರದ ಹಳ್ಳಿಗೆ. ಜೋಳದ ರಾಶಿ ಮುಗಿಯುತ್ತಲೇ ನಾವು ಕುರಿ ಹೊಡೆದುಕೊಂಡು ತಂಗಡಗಿ ಕಡೆ ಕೃಷ್ಣೆಯ ದಂಡೆಗೆ ಇಳಿಯುತ್ತೇವೆ. ಗೊಬ್ಬರಕ್ಕಾಗಿ ಕರೆದವರ ಹೊಲದಲ್ಲಿ ಕುರಿಗಳಿಗೆ ಬಲೆಯ ದೊಡ್ಡಿ ಕಟ್ಟಿ, ಪಕ್ಕದಲ್ಲಿ ತಾಡಪತ್ರಿಯ ಗುಡಾರ ಹಾಕಿದರೆ ಎರಡು ಮೂರು ತಿಂಗಳು ಅದೇ ಮನೆ. ಕರೆಂಟಿನ ಕಂಬ ಎಲ್ಲೋ ದೂರದಲ್ಲಿ ಕಾಣುತ್ತಿತ್ತು, ಅಷ್ಟೇ. ಅದರ ಅಗತ್ಯವೂ ಬಿದ್ದಿರಲಿಲ್ಲ. ಆದರೆ ಮಗಳಿಗೆ ಐದು ತುಂಬುವಷ್ಟರಲ್ಲಿ ದಮ್ಮು ಹತ್ತಿತು. ಡಾಕ್ಟರು ಔಷಧವನ್ನು ಹಬೆ ಮಾಡಿ ಮೂಗಿಗೆ ಕೊಡುವ ಒಂದು ಮಷಿನ್ ಬರೆದುಕೊಟ್ಟರು. ಕರೆಂಟಿಲ್ಲದ ಕಡೆ ಅದು ಬರೀ ಡಬ್ಬಿ. ಮಗುವನ್ನು ಮನೆಯಲ್ಲೇ ಬಿಟ್ಟು ಹೋಗೋಣವೆಂದರೆ, ಮನೆಗೆ ಮನೆಯೇ ಕುರಿಯ ಹಿಂದೆ ಹೊರಡುತ್ತಿತ್ತು.

ಮಷಿನ್ ಚೀಲದಲ್ಲಿ ಹಾಕಿಕೊಂಡು, ಮಗಳ ಕೈ ಹಿಡಿದು ಕಾಕಾನ ಅಂಗಡಿಗೆ ಹೋದೆ. ಏನೇನು ನಡೆಸಬೇಕೆಂದು ಕೇಳಿದರು. ನಾನು ಆಸೆಬುರುಕಿ. ಮಷಿನ್, ಎರಡು ಮೊಬೈಲು, ಬಲ್ಬು, ಒಂದು ಫ್ಯಾನು, ಸಾಧ್ಯವಾದರೆ ಮಿಕ್ಸರೂ ಇರಲಿ ಎಂದೆ.

"ಇದು ಕೂಸಿನ ಪೆಟ್ಟಿಗ್ಯೋ, ಚಟ್ನಿ ಪೆಟ್ಟಿಗ್ಯೋ ಮೊದಲ ಹೇಳವ್ವಾ" ಎಂದು ನಕ್ಕು ಫ್ಯಾನು, ಮಿಕ್ಸರು ಎರಡನ್ನೂ ಪಟ್ಟಿಯಿಂದ ಹೊಡೆದು ಹಾಕಿದರು. ಮಷಿನ್ ಬೋರಲು ಮಾಡಿ, ಹೊಟ್ಟೆಗೆ ಅಂಟಿಸಿದ ಚೀಟಿಯಲ್ಲಿ ಎಷ್ಟು ವ್ಯಾಟ್ ಎಂದು ಕನ್ನಡಕ ಏರಿಸಿ ಓದಿದರು. ಬರೆದಷ್ಟೇ ನೋಡಿ ಕೊಟ್ಟರೆ ಹೊಲದಲ್ಲಿ ಕೈ ಕೊಡುತ್ತದೆ, ಒಳಗೆ ಮೋಟರ್ ಇದೆ, ಶುರುವಾಗುವಾಗ ಒಮ್ಮೆಗೇ ಹೆಚ್ಚು ಎಳೆಯುತ್ತದೆ ಎಂದರು. ಟ್ರ್ಯಾಕ್ಟರಿನ ಬ್ಯಾಟರಿ ಬೇಡ, ಟಂಟಂ ಗಾಡಿಯಲ್ಲಿ ಹೊಯ್ದಾಡಿ ಆಸಿಡ್ ಚೆಲ್ಲುತ್ತದೆ ಎಂದರು. ಆಮೇಲೆ ಕೇಳಿದರು:

"ದಿನಕ್ಕ ಎಷ್ಟು ಸಲ ಹಚ್ಚತೀ?"

"ಎರಡು ಸಲ್ರಿ."

"ಅದು ಚಲೋ ದಿನದ್ದಾತು. ಕೆಟ್ಟ ದಿನ?"

ಏಳೆಂಟು ಸಲ ಎಂದೆ. ಅವರು ಎಂಟನ್ನೇ ಹಿಡಿದರು. ಮೂರು ದಿನ ಮೋಡ ಮುಚ್ಚಿ ಸೋಲಾರ್ ಕೆಲಸ ಮಾಡದಿದ್ದರೂ ನಡೆಯುವ ಹಾಗೆ ಕಟ್ಟುತ್ತೇನೆ ಎಂದರು.

ಎಂಟು ದಿನದ ಮೇಲೆ ಹೋದಾಗ ಹಿಡಿಕೆ ಇರುವ ತಗಡಿನ ಪೆಟ್ಟಿಗೆ ತಯಾರಿತ್ತು. ಮಗಳನ್ನು ಎದುರಿಗೆ ಕೂರಿಸಿಕೊಂಡು ಮಷಿನ್ ಹಚ್ಚಿ, ಔಷಧ ಮುಗಿಯುವವರೆಗೆ ಗಿರಾಕಿಗಳನ್ನೆಲ್ಲ ಹೊರಗೇ ನಿಲ್ಲಿಸಿದರು. ಹೊರಡುವಾಗ ಪೆಟ್ಟಿಗೆಯ ಬದಿಯ ತೂತುಗಳ ಮೇಲೆ ನನ್ನ ಅಂಗೈ ಇಡಿಸಿದರು. ಒಳಗಿನ ಸಣ್ಣ ಪಂಖದ ಗಾಳಿ ಬರುತ್ತಿತ್ತು.

"ಇದಕ್ಕೂ ಉಸುರು ಬೇಕವ್ವಾ. ಏನೂ ಮುಚ್ಚಬ್ಯಾಡ." ಮೂರು ಸಲ ಹೇಳಿದರು. ನಾನು ಮೂರು ಸಲ ಹೂಂ ಎಂದೆ.

ನಮ್ಮಲ್ಲಿ ಕಂಬಳಿ ಬರೀ ಹೊದಿಕೆಯಲ್ಲ. ಈಗಷ್ಟೇ ಹುಟ್ಟಿದ ಮರಿಗೆ ಕಂಬಳಿ, ಮನೆಗೆ ಬಂದ ಹಿರಿಯರಿಗೆ ಕಂಬಳಿ, ದೇವರ ಗದ್ದುಗೆಗೂ ಕಂಬಳಿ. ಯಾವುದನ್ನು ಕಾಯಬೇಕೋ ಅದರ ಮೇಲೆ ಕಂಬಳಿ ಬೀಳುತ್ತದೆ. ತಂಗಡಗಿ ಹತ್ತಿರದ ಹೊಲದಲ್ಲಿ ಗುಡಾರ ಹಾಕಿದ ದಿನ ಅತ್ತೆ ಪೆಟ್ಟಿಗೆಗೆ ಭಂಡಾರದ ಅರಿಶಿನ ಹಚ್ಚಿ, ಕೈ ಮುಗಿದು, ತಮ್ಮ ಕರಿ ಕಂಬಳಿಯನ್ನೇ ಹೊದಿಸಿದರು. ಮೊಮ್ಮಗಳ ಜೀವ ಅದರಲ್ಲಿದೆ ಎಂದು ಅವರಿಗೆ ಗೊತ್ತಿತ್ತು.

"ಮುಚ್ಚಬ್ಯಾಡ ಅಂದಾರ್ರಿ ಅತ್ತಿ" ಎಂದೆ, ಮೆಲ್ಲಗೆ.

"ಹೊಲದಾಗಿನ ಧೂಳು ನಿಮ್ಮ ಕಾಕಾಗ ಏನ್ ಗೊತ್ತು? ಕಂಬಳಿ ಯಾರಿಗೂ ಕೇಡು ಮಾಡಿಲ್ಲ."

ಅತ್ತೆ ಹೊದಿಸಿದ ಕಂಬಳಿಯನ್ನು ಸೊಸೆ ಕಿತ್ತೆಸೆಯುವ ಪದ್ಧತಿ ನಮ್ಮಲ್ಲಿಲ್ಲ. ಅವರಿಲ್ಲದಾಗ ನಾನು ಸರಿಸುವುದು, ಬಂದು ಅವರು ಮತ್ತೆ ಹೊದಿಸುವುದು, ಹೀಗೇ ಇಪ್ಪತ್ತು ದಿನ ನಡೆಯಿತು. ಏನೂ ಆಗಲಿಲ್ಲ. ನಾನೂ ಸರಿಸುವುದನ್ನು ಬಿಟ್ಟೆ.

ಆ ದಿನ ಮಧ್ಯಾಹ್ನ ಒಮ್ಮೆಗೇ ಸುಳಿಗಾಳಿ ಎದ್ದು ಹೊಟ್ಟು, ಧೂಳು ಎಲ್ಲ ಗುಡಾರದೊಳಗೆ ನುಗ್ಗಿತು. ನಮ್ಮವರು ಕುರಿಗಳಿಗೆ ನೀರು ಕುಡಿಸಲು ಹೊಳೆಗೆ ಹೋಗಿದ್ದರು. ಮಗಳು ಕೆಮ್ಮತೊಡಗಿದಳು. ನೋಡನೋಡುತ್ತಲೇ ಕತ್ತಿನ ಕುಳಿ ಒಳಕ್ಕೆ ಎಳೆಯತೊಡಗಿತು, ಪಕ್ಕೆಲುಬು ಒಂದೊಂದೂ ಎಣಿಸುವಂತಾಯಿತು. ಕಂಬಳಿಯ ಒಂದು ಮಗ್ಗುಲಷ್ಟೇ ಎತ್ತಿ ಪ್ಲಗ್ ಹಾಕಿ ಮಷಿನ್ ಹಚ್ಚಿದೆ. ಎರಡು ನಿಮಿಷ ನಡೆಯಿತೋ ಇಲ್ಲವೋ, ಪೆಟ್ಟಿಗೆ ಕೀ ಕೀ ಎಂದು ಕೂಗಿ ನಿಂತುಬಿಟ್ಟಿತು. ಗುಂಡಿ ಒತ್ತಿದೆ, ಮತ್ತೆ ಒತ್ತಿದೆ, ದೀಪವೂ ಹತ್ತಲಿಲ್ಲ. ಮಗಳ ತುಟಿ ನೀಲಿಗಟ್ಟುತ್ತಿತ್ತು. ಅವಳು ನನ್ನ ಮುಖ ನೋಡುತ್ತಿದ್ದಳು, ಅಳಲಿಕ್ಕೂ ಉಸಿರಿರಲಿಲ್ಲ.

ನಮ್ಮವರ ಫೋನ್ ಹತ್ತಲಿಲ್ಲ. ಕಾಕಾಗೆ ಹಚ್ಚಿದೆ. ಒಂದೇ ರಿಂಗಿಗೆ ಎತ್ತಿದರು.

"ಪೆಟ್ಟಿಗಿ ನಿಂತೈತ್ರಿ ಕಾಕಾ! ಕೂಸಿಗೆ ಉಸುರು ಸಿಗವಲ್ದು!"

"ಕೈ ಹಚ್ಚಿ ನೋಡು. ಸುಡತೈತೇನು? ಏನರ ಮುಚ್ಚಿದ್ದೇನವ್ವಾ?"

ಅತ್ತೆ ನನ್ನ ಪಕ್ಕದಲ್ಲೇ ನಿಂತಿದ್ದರು. ಫೋನಿನ ಮಾತು ಅವರಿಗೂ ಕೇಳುತ್ತಿತ್ತು. ಅವರ ಮುಖ ಬೂದಿಯಾಗಿತ್ತು. ನಾನು ಒಂದು ಕೈಯಿಂದ ಕಂಬಳಿ ಎಳೆದು ಹಾಕುತ್ತ ಹೇಳಿದೆ:

"ಇಲ್ರಿ."

"ಹಂಗಾರ ನಾ ಕಟ್ಟೂ ಮುಂದ ಎಲ್ಲೋ ತಪ್ಪೈತಿ..." ಎಂದರು ಕಾಕಾ. ನೆರಳಿಗೆ ಇಡು, ಬೀಸು, ನೀರು ಹಾಕಬೇಡ, ಕೂಸಿನ್ನ ಮಲಗಿಸಬೇಡ, ನೆಟ್ಟಗೆ ಕೂರಿಸು, ಯಾರನ್ನಾದರೂ ಗಾಡಿಗೆ ಓಡಿಸು ಎಂದರು. ಅತ್ತೆ ಹೊಳೆಯ ಕಡೆ ಓಡಿದರು. ನಾನು ಮಗಳನ್ನು ಎದೆಗೆ ಆನಿಸಿಕೊಂಡು ಜೋಳ ಕೇರುವ ಮರದಿಂದ ಪೆಟ್ಟಿಗೆಗೆ ಗಾಳಿ ಹಾಕತೊಡಗಿದೆ. ಕಾದ ಉಣ್ಣೆಯ ವಾಸನೆ ಗುಡಾರದ ತುಂಬ ಇತ್ತು. "ಚಾಲೂ ಆತೇನು? ಯವ್ವಾ, ಚಾಲೂ ಆತೇನು?" ಎಂದು ಕಾಕಾ ಕೇಳುತ್ತಲೇ ಇದ್ದರು. ನಾನು ಅಳುತ್ತಿದ್ದೆ. ಅಷ್ಟರಲ್ಲಿ ಚಾರ್ಜ್ ಮುಗಿದು ಫೋನ್ ಸತ್ತುಹೋಯಿತು.

ಎಷ್ಟು ಹೊತ್ತಾಯಿತೋ... ಕಾವು ಇಳಿದು ಪೆಟ್ಟಿಗೆಯ ಹಸಿರು ದೀಪ ತಾನಾಗಿಯೇ ಹತ್ತಿತು. ಮಷಿನ್ ಗುರ್ರೆಂದಿತು. ಔಷಧ ಮುಗಿಯುವ ಹೊತ್ತಿಗೆ ಮಗಳ ತುಟಿಗೆ ಬಣ್ಣ ತಿರುಗಿತು, ನಮ್ಮವರು ಬೈಕ್ ತಂದು ನಿಲ್ಲಿಸಿದರು. ಮುದ್ದೇಬಿಹಾಳದ ಆಸ್ಪತ್ರೆಯಲ್ಲಿ ಮೂರು ದಿನ ಇದ್ದೆವು. ಉಳಿದಳು.

ಫೋನ್ ಮರುದಿನವೇ ಚಾರ್ಜ್ ಆಯಿತು. ಕಾಕಾನ ಮಿಸ್ ಕಾಲ್ ಬಹಳ ಇದ್ದವು. ಹಚ್ಚಬೇಕೆಂದು ತೆಗೆಯುವೆ, ಹೇಳಿದ ಸುಳ್ಳು ನೆನಪಾಗಿ ಕೆಳಗಿಡುವೆ. ಎದುರಿಗೇ ಹೋಗಿ ಹೇಳಿದರಾಯಿತು ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಅವರು ಮತ್ತೆ ಹಚ್ಚಿದಾಗಲೂ ಎತ್ತಲಿಲ್ಲ. ಆಮೇಲೆ ಅವರೂ ಹಚ್ಚುವುದನ್ನು ಬಿಟ್ಟರು.

ಮೂರು ವಾರದ ಮೇಲೆ ಸಂತೆಯ ದಿನ ಅಂಗಡಿಗೆ ಹೋದೆ. ಕಾಕಾ ತಲೆ ಎತ್ತಿದರು. ನನ್ನನ್ನು ನೋಡಿದರು, ನನ್ನ ಹಿಂದೆ ನೋಡಿದರು, ಬಾಗಿಲಾಚೆ ರಸ್ತೆ ನೋಡಿದರು.

"ಒಬ್ಬಾಕೀನ ಬಂದೀಯೇನವ್ವಾ?"

"ಹೌದ್ರಿ ಕಾಕಾ, ಒಬ್ಬಾಕೀನ."

ಅವರ ಕೈಯ ಸ್ಕ್ರೂಡ್ರೈವರ್ ಜಾರಿ ಬಿತ್ತು. ಹಿಂದಿನ ಬ್ಯಾಟರಿಯ ಮೇಲೆ ಕುಸಿದು ಕೂತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಆಗ ನನಗೆ ತಿಳಿಯಿತು. "ಅದಾಳ್ರಿ ಕಾಕಾ, ಆರಾಮ ಅದಾಳ! ಅವ್ವನ ಕಡೆ ಬಿಟ್ಟು ಬಂದೀನಿ, ರೊಟ್ಟಿ ತಿನ್ನಾಕತ್ತಾಳ" ಎಂದು ಕೂಗಿದೆ. ಅವರು ಮುಖದಿಂದ ಕೈ ತೆಗೆಯಲು ಬಹಳ ಹೊತ್ತು ಹಿಡಿಯಿತು.

ಗೋಡೆಯ ಹಲಗೆಯ ಮೇಲೆ ನಾಲ್ಕೈದು ಪೆಟ್ಟಿಗೆಗಳು ಹೊಟ್ಟೆ ಸೀಳಿ ಬಿದ್ದಿದ್ದವು. "ಎಲ್ಲಾ ಬಿಚ್ಚಿ ನೋಡಿದ್ನಿ. ನನ್ನ ತಪ್ಪು ಎಲ್ಲೈತಿ ತಿಳೀಲಿಲ್ಲ. ಇನ್ನ ಯಾರಿಗೂ ಕಟ್ಟಂಗಿಲ್ಲವ್ವಾ" ಎಂದರು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು, ನನ್ನ ತವರಿನ ಓಣಿಯವರೇ. ಮಾತು ಬಾಯಿಯವರೆಗೆ ಬಂತು. ಗಿರಾಕಿಗಳು ಹೋಗಲಿ ಎಂದು ಕಾದೆ. ಅವರು ಹೋಗಲಿಲ್ಲ, ನಾನೇ ಬಂದೆ.

ಮರುವರ್ಷ ನಾವು ಹೊಳೆ ದಂಡೆಯಲ್ಲಿದ್ದಾಗ ಕಾಕಾ ತೀರಿಕೊಂಡರು. ನನಗೆ ಸುದ್ದಿ ಮುಟ್ಟಿದ್ದು ಎಂಟು ದಿನದ ಮೇಲೆ. ಕಡೆಯವರೆಗೂ ಅವರು ಮತ್ತೊಂದು ಪೆಟ್ಟಿಗೆ ಕಟ್ಟಲಿಲ್ಲವಂತೆ. ಅತ್ತೆಯೂ ಈಗಿಲ್ಲ. ಇರುವವರೆಗೆ ನಾವಿಬ್ಬರೂ ಆ ಕಂಬಳಿಯ ಮಾತೆತ್ತಲಿಲ್ಲ. ಆ ದಿನದಿಂದ ಅದನ್ನು ಅವರು ಹೊದ್ದುಕೊಳ್ಳಲೂ ಇಲ್ಲ.

ಮೊನ್ನೆ ಸಿಂದಗಿಯಲ್ಲಿ ಇಂಥದೇ ಹೊಸ ಪೆಟ್ಟಿಗೆ ನೋಡಲು ಹೋಗಿದ್ದೆ. ಮಗಳಿಗೆ ಈಗ ಹನ್ನೊಂದು, ಜೇಬಿನಲ್ಲಿ ಎಳೆದುಕೊಳ್ಳುವ ಔಷಧ ಇರುತ್ತದೆ, ಆದರೂ ಮಷಿನ್ ಬಿಟ್ಟು ಹೊರಡಲು ನನಗೆ ಧೈರ್ಯವಿಲ್ಲ. ಮಾರುವವ "ಎಲ್ಲಾ ನಡೀತೈತ್ರಿ ಅಕ್ಕಾ" ಎಂದ. ಮೋಟರ್ ಶುರುವಾಗುವಾಗ ತಡೆಯುತ್ತದೆಯೇ, ಕೆಟ್ಟ ದಿನ ಎಂಟು ಸಲಕ್ಕೆ ಸಾಕೇ, ಗಾಳಿ ಎಲ್ಲಿಂದ ಆಡುತ್ತದೆ ಎಂದು ಕೇಳುತ್ತಲೇ ಹೋದೆ. "ಇಷ್ಟ್ಯಾಕ ಅಂಜ್ತೀರಿ?" ಎಂದು ನಕ್ಕ. ಮಗಳು ನನ್ನ ಸೆರಗು ಜಗ್ಗಿ ಕೇಳಿದಳು, "ಯವ್ವಾ, ನಮ್ಮ ಹಳೇದು ಚಲೋ ಐತೆಲ್ಲಾ? ಅದು ಯಾವಾಗರ ಕೆಟ್ಟಿತ್ತೇನು?"

ಏನೂ ಕೊಳ್ಳದೆ ಮನೆಗೆ ಬಂದೆ. ಕಾಕಾನ ಪೆಟ್ಟಿಗೆಯನ್ನು ಹಲಗೆಯ ಮೇಲಿಟ್ಟು ಗುಂಡಿ ಒತ್ತಿದೆ. ಹಸಿರು ದೀಪ ಹತ್ತಿತು. ತೂತುಗಳ ಮೇಲೆ ಅಂಗೈ ಇಟ್ಟರೆ ಒಳಗಿನ ಗಾಳಿ ಬರುತ್ತಿತ್ತು. ಮಗಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡೆ.

"ಇಲ್ಲವ್ವಾ" ಎಂದೆ. "ಇದು ಎಂದೂ ಕೆಟ್ಟಿಲ್ಲ. ನಾವು ಮುಚ್ಚಿದ್ವಿ."

ಕಾಕಾಗೆ ಹೇಳಬೇಕಿದ್ದ ಮಾತು ಅಷ್ಟೇ ಇತ್ತು.