ಕುರಿ ಬಂದ ದಿನ ಹೊತ್ತದ ಒಲೆ

ಜಂಬಕ್ಕ ಒಲೆಯ ಬಾಯಿಗೆ ಮೆಕ್ಕೆಜೋಳದ ಬೆಂಡುಗಳನ್ನು ಒಂದೊಂದಾಗಿ ನೂಕುತ್ತಾಳೆ. ಕಾಳು ಬಿಡಿಸಿದ ಮೇಲೆ ಉಳಿಯುವ ಈ ಬೆಂಡು ಬೇಗ ಹೊತ್ತುತ್ತದೆ, ಅಷ್ಟೇ ಬೇಗ ಬೂದಿಯಾಗುತ್ತದೆ. ಅನ್ನಕ್ಕೆ ಇಟ್ಟ ಮೇಲೆ ಎದ್ದು ಹೋಗುವಂತಿಲ್ಲ. ಹಾಗಾಗಿ ಕೂತಲ್ಲೇ ಮಗಳು ಪುಷ್ಪಲತಾಳ ಜಡೆ ಹೆಣೆಯುತ್ತಾಳೆ, ನಡುನಡುವೆ ಒಲೆಯ ಕಡೆ ಕೈ ಚಾಚುತ್ತಾಳೆ. ನೀಲಗುಂದದಿಂದ ಹರಪನಹಳ್ಳಿಗೆ ಹೋಗುವ ಮೊದಲ ಬಸ್ಸು ತಪ್ಪಿದರೆ ಮೆಕ್ಕೆಜೋಳ ಒಣಹಾಕುವ ಕಣದಲ್ಲಿ ಅಂದಿನ ಕೂಲಿ ಬೇರೆಯವರ ಪಾಲು.

ಮನೆ ಒಂದೇ, ಅಂಗಳ ಒಂದೇ, ಬಾಗಿಲು ಎರಡು. ಮುಂದಿನ ಭಾಗದಲ್ಲಿ ಗಂಡನ ಅಣ್ಣ ಯರ್ರೆಪ್ಪ, ಅವನ ಹೆಂಡತಿ ಗಾದೆಮ್ಮ, ಅವರ ಮಗ ಮೈಲಾರೇಶ್ ಇದ್ದಾರೆ. ಹಿಂದಿನ ಕೋಣೆಯಲ್ಲಿ ಜಂಬಕ್ಕ ಮತ್ತು ಮಗಳು. ಗಂಡ ಬೀರಲಿಂಗೇಶ್ ತೀರಿಕೊಂಡ ಮೇಲೆ ಆಕೆ ಬೇರೆ ಅಡುಗೆ ಮಾಡತೊಡಗಿದಳು. ಜಗಳವಾಡಿ ಅಲ್ಲ. ಮುಂದಿನ ಮನೆಯಲ್ಲಿ ಕುರಿಗಳ ಕೆಲಸ ಮುಗಿಸಿ ಬಿಸಿಲೇರಿದ ಮೇಲೆ ಉಣ್ಣುತ್ತಾರೆ. ಹಿಂದಿನ ಕೋಣೆಗೆ ಬಸ್ಸಿನ ಅವಸರ, ಶಾಲೆಯ ಅವಸರ. ಕುರಿ ಮಾತ್ರ ಇನ್ನೂ ಕೂಡಿಯೇ ಇವೆ. ಬೀರಲಿಂಗೇಶನ ಪಾಲು ಹಿಂಡಿನಲ್ಲೇ ಬೆರೆತು ಮೇಯುತ್ತದೆ.

ರೇಷನ್ ಕಾರ್ಡೂ ಕೂಡಿಯೇ ಇತ್ತು. ಎಲ್ಲರ ಹೆಸರುಗಳೂ ಗಾದೆಮ್ಮನ ಬಿಪಿಎಲ್ ಕಾರ್ಡಿನಲ್ಲಿದ್ದವು. ಸಂತೆಗೆ ಕುರಿ ಸಾಗಿಸಲು ಮೈಲಾರೇಶ್ ಒಂದು ಗೂಡ್ಸ್ ಗಾಡಿ ಕೊಂಡ. ಸಾಲ ಸಿಗಬೇಕಾದರೆ ಆದಾಯ ತೆರಿಗೆಯ ಲೆಕ್ಕ ಸಲ್ಲಿಸಬೇಕು ಎಂದು ಯಾರೋ ಹೇಳಿದರು, ಸಲ್ಲಿಸಿದ. ಕೆಲವು ತಿಂಗಳ ನಂತರ ಜಂಬಕ್ಕ ನ್ಯಾಯಬೆಲೆ ಅಂಗಡಿಗೆ ಚೀಲ ಹಿಡಿದು ಹೋದಾಗ ಅಂಗಡಿಯ ಹಂಪೇಶ್ ಯಂತ್ರ ನೋಡಿ ತಲೆಯಾಡಿಸಿದ.

"ನಿಮ್ಮ ಕಾರ್ಡ್ ಎಪಿಎಲ್ ಆಗೇತಿ ಜಂಬಕ್ಕ. ಅಕ್ಕಿ ಬರಂಗಿಲ್ಲ."

"ನಾ ಏನ್ ಮಾಡೀನಪ್ಪಾ?"

"ನೀ ಏನೂ ಮಾಡಿಲ್ಲ. ನಿಮ್ಮ ಮೈಲಾರೇಶ ಸಾವ್ಕಾರ ಆಗ್ಯಾನ. ಸರ್ಕಾರಕ್ಕ ಅವನ ಬರದುಕೊಟ್ಟಾನ."

"ಗಾಡಿ ಇನ್ನಾ ಬ್ಯಾಂಕಿಂದೈತಿ, ಇವ ಎಲ್ಲಿ ಸಾವ್ಕಾರ!"

ಅಲ್ಲಿಯವರೆಗೆ ಹಿಂದಿನ ಕೋಣೆಯ ಗಡಿಗೆ ಬಹುಪಾಲು ಆ ಅಕ್ಕಿಯಿಂದಲೇ ತುಂಬುತ್ತಿತ್ತು. ಈಗ ಕಣದ ಕೂಲಿಯಲ್ಲಿ ಅಂಗಡಿ ಅಕ್ಕಿ ಕೊಳ್ಳಬೇಕು. ಒಬ್ಬರ ಕೂಲಿ ಅದಕ್ಕೆ ಸಾಲದು. ಪುಷ್ಪಲತಾ ಭಾನುವಾರಗಳಲ್ಲಿ ತಾಯಿಯ ಜೊತೆ ಕಣಕ್ಕೆ ಬರತೊಡಗಿದಳು. ಭಾನುವಾರ ಸೋಮವಾರಕ್ಕೂ ಹರಡಿದರೆ ಒಂಬತ್ತನೇ ತರಗತಿ ಅಲ್ಲಿಗೆ ನಿಲ್ಲುತ್ತದೆ. ಜಂಬಕ್ಕನಿಗೆ ಇದ್ದ ಭಯ ಅದೇ.

ದಾರಿ ಒಂದಿತ್ತು: ತನ್ನದೇ ಹೆಸರಿನಲ್ಲಿ ಹೊಸ ಕಾರ್ಡ್. ಆದರೆ ಒಂದೇ ಸೂರಿನ ಕೆಳಗೆ ಎರಡು ಸಂಸಾರಗಳಿವೆ ಎಂಬುದನ್ನು ಸರ್ಕಾರ ಹೇಗೆ ತಿಳಿಯಬೇಕು? ಅದು ಒಲೆಯನ್ನು ನೋಡುತ್ತದೆ. ಒಂದು ಒಲೆಯಲ್ಲಿ ಬೆಂದದ್ದನ್ನು ಉಣ್ಣುವವರು ಒಂದು ಕುಟುಂಬ. ಹಳೆಯ ಕಾರ್ಡಿನಿಂದ ತಾಯಿ ಮಗಳ ಹೆಸರು ತೆಗೆಯಲು ಗಾದೆಮ್ಮ ತಕರಾರಿಲ್ಲದೆ ಹೆಬ್ಬೆಟ್ಟು ಕೊಟ್ಟಳು. ಇನ್ನು ಗ್ರಾಮ ಆಡಳಿತಾಧಿಕಾರಿ ಮನೆಗೆ ಬಂದು ಎರಡು ಒಲೆಗಳನ್ನು ನೋಡಿ ವರದಿ ಬರೆಯುವುದಷ್ಟೇ ಬಾಕಿ.

ಅಧಿಕಾರಿ ಸಂಗೀತಾ ದಾವಣಗೆರೆ ಕಡೆಯವರು, ಊರಿಗೆ ಹೊಸಬರು. ಅವರು ಬಂದದ್ದು ಯರ್ರೆಪ್ಪ ಗದ್ದೆ ಬಯಲುಗಳಲ್ಲಿ ತಿಂಗಳುಗಟ್ಟಲೆ ಮೇಯಿಸಿದ ಹಿಂಡನ್ನು ಊರಿಗೆ ಹೊಡೆದುಕೊಂಡು ಬಂದ ದಿನ. ಈ ವಂಶದಲ್ಲಿ ಅಂದು ಹಿರಿಯರ ಒಲೆಯೊಂದೇ ಉರಿಯಬೇಕು. ಎಷ್ಟೇ ಬಾಗಿಲುಗಳಾಗಿದ್ದರೂ ಎಲ್ಲರೂ ಅಲ್ಲೇ ಉಣ್ಣಬೇಕು. ಹಿಂಡು ಒಂದಾಗಿರುವಾಗ ಒಲೆ ಎರಡಾದರೆ ಮನೆದೇವರು ಬೀರಪ್ಪ ಮುನಿಯುತ್ತಾನೆ ಎಂಬ ನಂಬಿಕೆ.

"ಒಲೆ ಹಚ್ಚಿಲ್ವಾ ಇವತ್ತು?" ಸಂಗೀತಾ ಹಿಂದಿನ ಕೋಣೆಯಲ್ಲಿ ಬಗ್ಗಿ ಬೂದಿ ಮುಟ್ಟಿ ನೋಡಿದರು.

"ಇಲ್ರಿ ಮೇಡಂ. ಇವತ್ತು ಹಚ್ಚಂಗಿಲ್ರಿ," ಎಂದಳು ಜಂಬಕ್ಕ.

"ಮತ್ತೆ ಊಟ?"

"ಯಕ್ಕನ ಮನ್ಯಾಗ್ರಿ."

ಅಷ್ಟರಲ್ಲಿ ಗಾದೆಮ್ಮ ಸೌಟು ಹಿಡಿದುಕೊಂಡೇ ಅಂಗಳಕ್ಕೆ ಬಂದಳು. ಕುರಿಗಳು ಅಲ್ಲೇ ನಿಂತಿದ್ದವು, ನೋಡಲು ಬಂದ ಓಣಿಯವರೂ ಇದ್ದರು. "ನಾವೇನು ಬ್ಯಾರೆ ಆಗೀವೇನ್ರಿ? ನಮ್ದು ಒಂದ ಒಲಿ. ಮುತ್ತ್ಯಾರ ಕಾಲದಿಂದ ಒಂದ ಐತಿ. ಬರ್ರಿ, ನೀವೂ ಒಂದ್ ತುತ್ತು ಉಣ್ರಿ."

ಬಂದವರ ಎದುರು ಹಿರಿಯ ನೆಗೆಣ್ಣಿಯ ಮಾತು ಮುರಿಯುವುದು ಜಂಬಕ್ಕನಿಂದಾಗಲಿಲ್ಲ. ಸಂಗೀತಾ ಮಜ್ಜಿಗೆ ಮಾತ್ರ ಕುಡಿದು, ಆರಿದ ಒಲೆಯ ಫೋಟೊ ತೆಗೆದುಕೊಂಡು ಹೋದರು. ಅರ್ಜಿ ತಿರಸ್ಕೃತವಾಯಿತು.

ಸುದ್ದಿ ತಿಳಿದ ಸಂಜೆ ಅದೇ ಅಂಗಳದಲ್ಲಿ ಮಾತು ಬೆಳೆಯಿತು.

"ಹೆಬ್ಬಟ್ಟು ಒತ್ತಿದಾಕಿ ನೀನ, ಒಂದ ಒಲಿ ಅಂದಾಕೀನೂ ನೀನ. ಹಿಂಗಾದ್ರ ಹೆಂಗ ಯಕ್ಕಾ?" ಎಂದಳು ಜಂಬಕ್ಕ.

"ಹೆಬ್ಬಟ್ಟು ಕಾಗದಕ್ಕ ಒತ್ತೀನಿ. ಕುರಿ ಬಂದ ದಿನ ಅಂಗಳದಾಗ ನಿಂತು ಬ್ಯಾರೆ ಆಗೀವಿ ಅಂತ ಹೆಂಗ ಅನ್ಲಿ? ಕುರಿ ಕೇಳಸ್ಕೆಂಡ್ರ?" ಎಂದಳು ಗಾದೆಮ್ಮ.

ಮೈಲಾರೇಶ್ ನಕ್ಕ. "ಕುರಿಗಿ ಮಾತು ತಿಳೀತಾವೇನವ್ವಾ?"

"ನಿನಗ ತಿಳಿದಿದ್ರ ಆ ಬ್ಯಾಂಕಿನ ಕಾಗದ ಓದಿ ಸಹಿ ಹಾಕ್ತಿದ್ದಿ. ಸುಮ್ನಿರಲೇ."

ಕುರಿಗಳು ಕೇಳಿಸಿಕೊಳ್ಳುತ್ತವೋ ಇಲ್ಲವೋ, ಓಣಿಯ ಹಿರಿಯರಂತೂ ಕೇಳಿಸಿಕೊಳ್ಳುತ್ತಾರೆ. ಹಿಂಡಿನ ಎದುರು 'ಬೇರೆ' ಎಂದರೆ ಕುರಿಯನ್ನೂ ಪಾಲು ಮಾಡಬೇಕು. ಜಂಬಕ್ಕನ ಪಾಲಿಗೆ ಬರುವ ನಾಲ್ಕಾರು ಕುರಿಗಳನ್ನು ಕಾಯುವವರು ಯಾರು? ಅವಳಿಗೂ ಅದು ಬೇಡ. ಅಕ್ಕಿಗೆ ಎರಡು ಮನೆಯಾಗಿ ಕುರಿಗೆ ಒಂದೇ ಮನೆಯಾಗಿ ಇರಲು ಸಾಧ್ಯವೇ ಎಂಬುದು ಇಬ್ಬರೂ ಕೂತು ಯೋಚಿಸಬೇಕಾದ ವಿಷಯವಾಯಿತು.

ಕೊನೆಗೆ ಗಾದೆಮ್ಮನೇ ಜಂಬಕ್ಕನನ್ನು ಕರೆದುಕೊಂಡು ಹೊರಟಳು. ಹರಪನಹಳ್ಳಿಯ ಕಚೇರಿಯಲ್ಲಿ ಸಂಗೀತಾ ಅವರ ಮೇಜಿನ ಎದುರು ಇಬ್ಬರೂ ನಿಂತರು.

"ಮೇಡಂ, ನಾ ಅವತ್ತು ಸುಳ್ಳು ಹೇಳಿಲ್ಲ. ನೀವು ನೋಡಿದ್ದು ಅವತ್ತಿನ ಒಲಿ," ಎಂದಳು ಗಾದೆಮ್ಮ.

"ಸರಿ ಅಮ್ಮ, ಹಾಗಾದ್ರೆ ನಿಮ್ಮ ಮನೇಲಿ ಒಲೆ ಎಷ್ಟು?"

"ದಿನಾ ಎರಡು. ಕುರಿ ಬಂದ ದಿನ ಒಂದು. ಹೊಂಟ ದಿನಾನೂ ಒಂದ."

"ಇದನ್ನ ನಾನು ಎಲ್ಲಿ ಬರೀಲಿ?" ಸಂಗೀತಾಗೆ ನಗು ತಡೆಯಲಾಗಲಿಲ್ಲ.

"ನಿಮ್ಮ ಮನ್ಯಾಗ ಯುಗಾದಿಗೆ ಅಣ್ಣತಮ್ಮರು ಕೂಡಿ ಉಣ್ಣಂಗಿಲ್ಲೇನ್ರಿ? ಅವತ್ತು ಯಾರಾರ ಬಂದು ಫೋಟೊ ಹೊಡ್ಕೊಂಡು ಹೋದ್ರ?"

ಸಂಗೀತಾ ಪೆನ್ನು ಕೆಳಗಿಟ್ಟರು. ಅವರ ತವರಿನಲ್ಲಿ ಮೂವರು ಚಿಕ್ಕಪ್ಪಂದಿರಿಗೆ ಮೂರು ಕಾರ್ಡುಗಳು, ಹಬ್ಬದ ಹೋಳಿಗೆ ಮಾತ್ರ ಅಜ್ಜಿಯ ಮನೆಯಲ್ಲಿ. ಮತ್ತೊಂದು ಅರ್ಜಿ ಹಾಕಿಸಿ, ಮತ್ತೆ ನೋಡುತ್ತೇನೆ ಎಂದರು. "ಆದ್ರೆ ಯಾವತ್ತು ಬರ್ತೀನಿ ಅಂತ ಹೇಳಲ್ಲ."

"ಹೇಳಬ್ಯಾಡ್ರಿ. ಅವೆರಡು ದಿನ ಬಿಟ್ಟು ಯಾವತ್ತಾರ ಬರ್ರಿ."

ಅವರು ಬಂದದ್ದು ಒಂದು ಬೆಳಿಗ್ಗೆ, ಬಸ್ಸಿನ ಹೊತ್ತಿಗಿಂತ ಮುಂಚೆ. ಹಿಂದಿನ ಕೋಣೆಯಲ್ಲಿ ಗಂಜಿ ಉಕ್ಕುತ್ತಿತ್ತು. ಮುಂದಿನ ಮನೆಯ ಒಲೆಯ ಬೂದಿಯನ್ನು ಇನ್ನೂ ತೆಗೆದಿರಲಿಲ್ಲ. ಸಂಗೀತಾ ಗಡಿಗೆಯ ಮುಚ್ಚಳ ತೆಗೆದು ನೋಡಿದರು. ಪಕ್ಕದ ಮನೆಯ ಎರ್ರೆಮ್ಮನನ್ನು ಕರೆದು ಕೇಳಿದರು. ದಿನಾ ಹೀಗೇ, ಇವಳ ಹೊಗೆ ಎದ್ದ ಮೇಲೆಯೇ ತನಗೆ ಎಚ್ಚರ ಎಂದಳು ಎರ್ರೆಮ್ಮ. ಉಳಿದದ್ದು ಗಾದೆಮ್ಮನ ಹೇಳಿಕೆ. ಅವಳು ಮೊದಲು ಅಂಗಳದತ್ತ ಕಣ್ಣು ಹಾಯಿಸಿದಳು. ಯರ್ರೆಪ್ಪ ಹಿಂಡನ್ನು ಆಗಲೇ ಎಂದಿನಂತೆ ಊರ ಹತ್ತಿರ ಮೇಯಲು ಹೊಡೆದುಕೊಂಡು ಹೋಗಿದ್ದ.

"ಅಕೀದು ಅಕೀಗೆ, ನಮ್ದು ನಮಗ್ರಿ," ಎಂದಳು, ಆದರೂ ದನಿ ತಗ್ಗಿಸಿ.

ವರದಿ 'ಪ್ರತ್ಯೇಕ ಅಡುಗೆ' ಎಂದು ಹೋಯಿತು. ಹೊಸ ಕಾರ್ಡಿಗೆ ಒಪ್ಪಿಗೆ ಸಿಕ್ಕಿದೆ. ಅದರಲ್ಲಿ ಜಂಬಕ್ಕ ಮತ್ತು ಪುಷ್ಪಲತಾ, ಇಬ್ಬರದೇ ಹೆಸರು. ಮುಂದಿನ ತಿಂಗಳಿನಿಂದ ಹಂಪೇಶನ ಅಂಗಡಿಯಲ್ಲಿ ಅವರಿಗೆ ಅಕ್ಕಿ ಸಿಗುತ್ತದೆ. ಗಾದೆಮ್ಮನ ಕಾರ್ಡ್ ಎಪಿಎಲ್ ಆಗಿಯೇ ಇರುತ್ತದೆ.