ಹೊಳೆವ್ವ ಕಾಯುವ ಸಸಿ

ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆಯ ಬದಿಯ ಸಾಗವಾನಿ ತೋಪಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೊಳೆವ್ವ ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡು, ಉದ್ದನೆಯ ಕಸಬರಿಗೆ ಹಿಡಿದು ಉದುರಿದ ಎಲೆ ಗುಡಿಸುತ್ತಿದ್ದಾರೆ. ಮೊರದಗಲದ ಒಣ ಎಲೆಗಳು. ದಾರಿಹೋಕರು ಎಸೆದ ಬೀಡಿಯ ಒಂದು ಕಿಡಿ ಸಾಕು, ಇಡೀ ತೋಪು ಹೊತ್ತಿಕೊಳ್ಳುತ್ತದೆ. ಬೆಂಕಿ ದಾಟದಂತೆ ರಸ್ತೆಯುದ್ದಕ್ಕೂ ನೆಲ ಬರಿದು ಮಾಡುವುದು ಅವರ ಕೆಲಸ. ಸಂಕ್ರಾಂತಿ ಮುಗಿದ ಮೇಲೆ ಶುರುವಾದರೆ ಮೊದಲ ಮಳೆಯವರೆಗೂ ನಿತ್ಯ ಇದೇ. ಗುಡಿಸಿ ಬಂದ ಜಾಗದಲ್ಲಿ ಮಧ್ಯಾಹ್ನದ ಗಾಳಿ ಮತ್ತೆ ಎಲೆ ಸುರಿಯುತ್ತದೆ. "ಗಾಳಿಗೂ ಕೆಲಸ ಬೇಕಲ್ರಿ" ಎಂದು ಅವರು ನಗುತ್ತಾರೆ.

ಮೂಲೆಯ ಮರದ ಹತ್ತಿರ ಮಾತ್ರ ಕಸಬರಿಗೆ ಕೆಳಗಿಡುತ್ತಾರೆ. ಆ ಮರದ ಬೀಜದಿಂದ ಹುಟ್ಟಿದ ಮೊಣಕಾಲೆತ್ತರದ ಸಸಿಯೊಂದು ಅಲ್ಲಿದೆ. ಅದರ ಸುತ್ತಲಿನ ಎಲೆಗಳನ್ನು ಕುಕ್ಕರಗಾಲಿನಲ್ಲಿ ಕೂತು ಕೈಯಿಂದಲೇ ಆಯುತ್ತಾರೆ.

ಮರದ ಪಕ್ಕದ ಕಲ್ಲಿನ ಮೇಲೆ ತೋಪು ನೆಟ್ಟ ವರ್ಷ 1911 ಎಂದು ಕೆತ್ತಿದೆ. ದಿಲ್ಲಿ ರಾಜಧಾನಿಯಾಗುತ್ತದೆಂದು ಸಾರಿದ ವರ್ಷವೆಂದು ಪುಸ್ತಕಗಳು ಅದನ್ನು ನೆನೆಯುತ್ತವೆ. ಹೊಳೆವ್ವನ ಮನೆಯಲ್ಲಿ ಅದು ಅಜ್ಜಿ ಶಿವವ್ವ ಹುಟ್ಟಿದ ವರ್ಷ, ಅಜ್ಜಿಯ ತಾಯಿ ತೀರಿಕೊಂಡ ವರ್ಷ. ಧಾರವಾಡದ ಕಡೆಯಿಂದ ಈ ತೋಪು ನೆಡಲು ಬಂದಿದ್ದ ಆ ಬಸುರಿ ತಾಯಿ ಕೂಲಿಗಳ ಗುಡಿಸಲಿನಲ್ಲಿ ಹೆತ್ತಳು; ಜ್ವರ ಬಂದು ಮೂರನೆಯ ದಿನ ಹೋದಳು. ಹೆರಿಗೆಯ ಮಾಸು ಹೂಳಿದ್ದು ಇದೇ ಮೂಲೆಯಲ್ಲಿ. ಅದರ ಮೇಲೆ ಸಸಿ ನೆಟ್ಟವಳು ಪಕ್ಕದ ಗುಡಿಸಲಿನ ಗೋದುಬಾಯಿ. ಅವಳ ಮಡಿಲಲ್ಲೂ ಕೂಸಿತ್ತು. ಯಾವ ಸಂಬಂಧವೂ ಇಲ್ಲದ ಶಿವವ್ವನಿಗೂ ಅವಳೇ ಹಾಲೂಡಿದಳು.

ಅಂದಿನ ಆ ಸಸಿಯೇ ಈ ಮೂಲೆಯ ಮರ. ಅದೀಗ ಒಳಗೆ ಟೊಳ್ಳಾಗಿ ರಸ್ತೆಯ ಕಡೆ ವಾಲಿದೆ. ಕಡಿಯಲು ಗುರುತು ಬಿದ್ದು ವಾರವಾಯಿತು. ಹೊಳೆವ್ವ ತಕರಾರು ಮಾಡಲಿಲ್ಲ. "ಶಾಲಿ ಹುಡುಗರು ಓಡ್ಯಾಡೋ ದಾರಿ. ಮರ ಹೋಗಲಿ ಬಿಡ್ರಿ" ಎನ್ನುತ್ತಾರೆ. ಅವರ ಚಿಂತೆಯೆಲ್ಲ ಸಸಿಯದು. ಮರ ವಾಲಿದ ಕಡೆಗೇ ಬಿದ್ದರೆ ಸಸಿ ಅದರಡಿ ಸಿಕ್ಕಿ ನಾಶವಾಗುತ್ತದೆ.

ಮರ ಕಡಿಯುವ ಸಾತಪ್ಪ ಬೆಳಿಗ್ಗೆಯೇ ಬಂದು ಬುಡವನ್ನು ಒಂದು ಸುತ್ತು ನೋಡುತ್ತಾರೆ. ತೋಪಿನ ಒಳಗಡೆ ಬೀಳಿಸು ಎಂದು ಹೊಳೆವ್ವ ಕೇಳಿದಾಗ ಗೊಣಗುತ್ತಾರೆ. ಹಾಗೆ ಮಾಡಲು ಹಗ್ಗ ಕಟ್ಟಿ ಎಳೆಯಬೇಕು, ಇನ್ನೂ ಇಬ್ಬರು ಆಳು ಬೇಕು.

"ಅಕ್ಕಾ, ಈ ಅಡವ್ಯಾಗ ಸಸಿಗೇನು ಬರ ಬಂದೈತಿ? ಇದೊಂದ ಕಣ್ಣಿಗೆ ಬಿತ್ತೇನು ನಿನಗ?"

ಹೊಳೆವ್ವ ಎಲೆ ಆಯುವುದನ್ನು ನಿಲ್ಲಿಸುವುದಿಲ್ಲ. "ನಮ್ಮಜ್ಜಿನ ಎತ್ಕೊಂಡಾಗ ಗೋದುಬಾಯಿಗೂ ಯಾರರ ಹಿಂಗ ಕೇಳಿರಬೇಕು, ತಮ್ಮಾ."

ಸಾತಪ್ಪ ತಲೆಯ ವಸ್ತ್ರ ಬಿಚ್ಚಿ, ಮತ್ತೆ ಸುತ್ತಿಕೊಂಡು, ವಾಲಿದ ಮರದ ತುದಿಯವರೆಗೂ ಕಣ್ಣು ಹಾಯಿಸುತ್ತಾರೆ. ಹಗ್ಗ ಮನೆಯಲ್ಲಿದೆ, ನಾಳೆ ತರುತ್ತೇನೆ ಎಂದು ಹೇಳಿ ಹೊರಡುತ್ತಾರೆ. ನಾಲ್ಕು ಹೆಜ್ಜೆ ಹೋದವರು ತಿರುಗಿ ಬಂದು, ಯಾರೂ ತುಳಿಯದಿರಲೆಂದು ಸಸಿಯ ಪಕ್ಕ ಒಂದು ಕೋಲು ನೆಟ್ಟು ಹೋಗುತ್ತಾರೆ.

ಹೊಳೆವ್ವ ಕಸಬರಿಗೆ ಎತ್ತಿಕೊಳ್ಳುತ್ತಾರೆ. ಸಸಿಗೆ ಇನ್ನೇನು ಬೇಕು ಎಂದು ಕೇಳಿದರೆ ಹೆಚ್ಚು ಯೋಚಿಸುವುದಿಲ್ಲ.

"ಮಳಿ ಹಿಡಿಯೂತನಕ ಬೆಂಕಿ ಬರಲಾರದಂಗ ನಾ ನೋಡ್ಕೋತೇನ್ರಿ. ಮುಂದ ಅದು ತಾನ ಬೆಳಿತೈತಿ."