ಹೊಳೆಯ ಕಲ್ಲಿನ ಮೇಲೆ ಕೂತವಳು

ಗೊಬ್ನಿತಜ್ಜಿ ನಮ್ಮ ಕಣಿವೆಗೆಲ್ಲ ವಂಶ ಹೇಳುವವಳು. ಗಂಡಸು ಸತ್ತರೆ ಶವದ ಪೆಟ್ಟಿಗೆ ಎತ್ತುವ ಮುಂಚೆ ತಲೆಯ ಹತ್ತಿರ ನಿಂತು, ಇವನು ಇಂಥವನ ಮಗ, ಅವನು ಇಂಥವನ ಮಗ ಅಂತ ನಮ್ಮ ಮನ್‌ಸ್ಟರ್ ಸೀಮೆಯ ಹಳೇ ರಾಜರವರೆಗೂ ಹೇಳಿಬಿಡುತ್ತಿದ್ದಳು. ಹಲ್ಲಿಲ್ಲದ ಬಾಯಿ, ಮೂಗಿನ ತುಂಬ ನಶ್ಯ. ಆಲೂಗಡ್ಡೆ ಬಿಟ್ಟರೆ ಗತಿಯಿಲ್ಲದ ನಮ್ಮ ಗಂಡಸರು ಅದನ್ನು ಕೇಳಿ ಎದೆಯುಬ್ಬಿಸಿಕೊಂಡು ಹೆಣ ಹೊರುತ್ತಿದ್ದರು. ಹೆಂಗಸು ಸತ್ತರೆ ವಂಶಗಿಂಶ ಏನಿಲ್ಲ, ಒಂದು ಜಪಮಾಲೆ, ಮುಗೀತು.

ಆ ರಾಜರಲ್ಲಿ ಫೀಯಖ ಅನ್ನುವವನ ಹೆಸರು ಬಂದಾಗಲೆಲ್ಲ ಅಜ್ಜಿಯ ಕಣ್ಣು ಬಾಗಿಲಿಗೆ ಹೋಗುತ್ತಿತ್ತು, ಮುಖ ಬಿಳಿಚಿಕೊಳ್ಳುತ್ತಿತ್ತು. ಒಂದು ಸಲ ಇಬ್ಬರೂ ಉರುವಲಿಗೆ ಜೌಗುಮಣ್ಣು ಕಡಿಯುವಾಗ ಕೇಳಿಯೇಬಿಟ್ಟೆ.

"ಅವನ ತಾಯಿ ಕಣೇ, ಮೊಂಖ ಅಂತ ಅವಳ ಹೆಸರು," ಅಂದಳು. "ಕೂಸು ನಾಳೆ ಹುಟ್ಟಿದರೆ ರಾಜನಾಗ್ತಾನೆ ಅಂದ ಅವಳಪ್ಪ, ದೊಡ್ಡ ಮಂತ್ರವಾದಿ. ಇವಳು ಹೊಳೆ ನಡುವೆ ಕಲ್ಲಿನ ಮೇಲೆ ಕೂತು, ಬೆಳಗಾಗೋವರೆಗೂ ಹೆರಿಗೆ ತಡೆದಳು. ಮಗನ ತಲೆ ಚಪ್ಪಟೆ ಆಯ್ತು, ಇವಳು ಸತ್ತಳು. ನಾವು ಅವನಪ್ಪನ ಹೆಸರು ಮಾತ್ರ ಹೇಳ್ತೀವಿ."

"ಅದಕ್ಕೇನೀಗ?"

"ಬಾಗಿಲಲ್ಲಿ ಬಂದು ನಿಲ್ತಾಳೆ. ಸೊಂಟದಿಂದ ಕೆಳಗೆ ನೀರು ಸುರೀತಿರುತ್ತೆ. ಇವತ್ತಾದರೂ ಅವಳ ಹೆಸರು ಹೇಳ್ತೀನೇನೋ ಅಂತ ನನ್ನ ಬಾಯೇ ನೋಡ್ತಾಳೆ."

"ಹೇಳಿಬಿಡಜ್ಜಿ! ನಿನ್ನ ಗಂಟೇನು ಹೋಗುತ್ತೆ?"

"ಥೂ, ಬಾಯಿ ಮುಚ್ಚೇ. ನಮ್ಮಪ್ಪ ಕಲಿಸಿದ್ದು. ನಡುವೆ ಇನ್ನೊಂದು ಹೆಸರು ತುರುಕಿದರೆ ಏನಾಗುತ್ತೋ ಯಾರಿಗೆ ಗೊತ್ತು?"

ಮುದುಕಿಗೆ ಅರಳುಮರಳು ಅಂತ ನಕ್ಕಿದ್ದೆ. ಮುಂದಿನ ವಸಂತಕ್ಕೆ ನನ್ನ ತಂಗಿ ಎಲಿಶ್ ಗಂಡನ ಮನೆಯಲ್ಲಿ ಹೆರಿಗೆಯಲ್ಲೇ ಹೋಗಿಬಿಟ್ಟಳು. ಗಂಡುಕೂಸು ಉಳಿಯಿತು. ಅವಳ ಮಾವ ಫಿನೀನ್ ಮೆಕಾರ್ತಿ, ಸೊಸೆಯ ಮೈ ಆರುವ ಮುಂಚೆಯೇ, ಬಾಯಲ್ಲಿ ಪೈಪು ಕಚ್ಚಿಕೊಂಡು, "ಕೂಸಿಗೊಬ್ಬಳು ತಾಯಿ ಬೇಕಲ್ಲ, ಆಚೆ ಕಣಿವೇಲಿ ಒಳ್ಳೇ ಹುಡುಗಿ ಇದಾಳಂತೆ," ಅನ್ನುತ್ತಿದ್ದ. ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ತಂಗಿಯ ಹೆಸರೇ ಅಳಿಸಿಹೋಗುತ್ತಲ್ಲ! ಬೆಳಗಾಗುತ್ತಲೇ ಅಜ್ಜಿಯ ಮನೆಗೆ ಓಡಿದೆ.

"ಎಲಿಶ್‌ಗೆ ವಂಶ ಹೇಳಜ್ಜಿ."

"ಹೆಂಗಸರಿಗೆ ಹೇಳೋ ಪದ್ಧತಿ ಇಲ್ಲ ಕಣೇ."

"ಹಂಗಾದರೆ ಕೂಸಿಗೆ ಹೇಳು, ತಾಯಿಂದ ಶುರುಮಾಡು. ನಿನ್ನ ಕಾಲಿಗೆ ಬೀಳ್ತೀನಿ."

ಅಜ್ಜಿ ಶಾಲು ಹೊದ್ದುಕೊಂಡು ನನ್ನ ಜೊತೆ ಹೊರಟಳು.

ಎಲಿಶಳ ತಲೆಯ ಹತ್ತಿರ ನಿಂತು, ಕೂಸಿಗಿಟ್ಟ ಹೆಸರು ಹಿಡಿದು, "ಡೊನಖ, ಎಲಿಶಳ ಮಗ," ಅಂತ ಶುರುಮಾಡಿದಳು. ಫಿನೀನ್ ಎದ್ದ. "ಏ ಮುದುಕಿ, ತಲೆ ಕೆಟ್ಟಿದೆಯಾ?" ವಂಶ ಹೇಳುವಾಗ ಯಾರೂ ಅಡ್ಡ ಬರುವಂತಿಲ್ಲ, ಅಕ್ಕಪಕ್ಕದವರು ಅವನನ್ನು ಎಳೆದು ಕೂರಿಸಿದರು. ಕೂಸನ್ನು ಎದೆಗೊತ್ತಿಕೊಂಡು ನಾನು ಗೊಳೋ ಅಂತ ಅತ್ತುಬಿಟ್ಟೆ. ಅಜ್ಜಿ ಕೂಸಿನ ಅಪ್ಪ, ತಾತ, ಮುತ್ತಾತ ದಾಟಿ ರಾಜರ ಹೆಸರಿಗೆ ಬಂದಳು. ನಾಡ್‌ಫ್ರೀಹ್, ಕೋರ್ಕ್, ಲೂಯಿ, ಐಲಿಲ್. ಫೀಯಖನ ಹೆಸರಿಗೆ ನಿಂತು ಬಾಗಿಲು ನೋಡಿದಳು.

"ಫೀಯಖ, ಮೊಂಖಳ ಮಗ."

ಅವಳ ಮುಖ ಹಗುರಾಯಿತು. "ಹೋದಳು," ಅಂದಳು, ನನಗೊಬ್ಬಳಿಗೇ ಕೇಳುವಷ್ಟು. ನನಗೂ ಹೋದ ಜೀವ ಬಂದಂತಾಯಿತು. ಆದರೆ ಮುಂದಿನ ಹೆಸರು ಬರಲಿಲ್ಲ. ಅಜ್ಜಿ ಮತ್ತೆ ಬಾಗಿಲು ನೋಡುತ್ತಾ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು.

"ಅವಳ ಹಿಂದೆ ಇದ್ದಾರೆ ಕಣೇ. ಲೂಯಿಯ ತಾಯಿ, ಐಲಿಲ್‌ನ ತಾಯಿ... ಅಯ್ಯೋ, ರಸ್ತೆವರೆಗೂ ನಿಂತಿದಾರೆ."

"ಅವರ ಹೆಸರೂ ಹೇಳಿಬಿಡಜ್ಜಿ!"

"ಏನಂತ ಹೇಳಲೇ? ನನಗ್ಯಾರೂ ಕಲಿಸಲೇ ಇಲ್ಲ."

ವಂಶ ಅಲ್ಲಿಗೇ ನಿಂತಿತು. ಕೂಸನ್ನು ಊರೆಲ್ಲ ಎಲಿಶಳ ಡೊನಖ ಅಂತಲೇ ಕರೆಯತೊಡಗಿತು, ಫಿನೀನ್ ಹಲ್ಲು ಕಡಿದರೂ ಬಿಡಲಿಲ್ಲ. ನಾನು ಗೆದ್ದೆ. ಅಜ್ಜಿ ಮಾತ್ರ ಮತ್ತೆ ಯಾವ ಸಾವಿನ ಮನೆಗೂ ಹೋಗಲಿಲ್ಲ. ದಾರಿಯಲ್ಲಿ ಸಿಕ್ಕ ಹೆಂಗಸರನ್ನೆಲ್ಲ ತಡೆದು, "ನಿನ್ನ ತಾಯಿ ಹೆಸರೇನೇ? ಅವಳ ತಾಯಿದು? ಅವಳ ತಾಯಿದು?" ಅಂತ ಪ್ರಾಣ ಹಿಂಡುತ್ತಿದ್ದಳು. ಸಾಯುವ ಹಿಂದಿನ ದಿನ ನನ್ನನ್ನೂ ಕೇಳಿದಳು. ಅಮ್ಮನ ಹೆಸರು ಹೇಳಿದೆ, ಅಮ್ಮನ ತಾಯಿಯ ಹೆಸರು ಹೇಳಿದೆ. ಅಲ್ಲಿಂದಾಚೆ ನನಗೂ ಗೊತ್ತಿರಲಿಲ್ಲ.